ಮೊದಲು ಮಣ್ಣು, ಆಮೇಲೆ ಸೈಕಲ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದ ನಮಗೆ ಸೈಕಲ್ ಹಾರಿಸುವ ಹುಚ್ಚು ಹೊಸದಲ್ಲ. ಪರ್ಸಿ ಖಣಿ ಪಕ್ಕದ ದಿಬ್ಬ ಕಂಡ್ರ ಸಾಕು. ಈಗ ಹಾಸ್ಟೆಲ್‌ನಲ್ಲಿ ವಿಡಿಯೊ ನೋಡಿ ‘ಡರ್ಟ್ ಜಂಪ್ ಬೈಕ್ ತಗೋಬೇಕು’ ಅನ್ನೋರು ಹೆಚ್ಚಾಗಿದ್ದಾರೆ. (ಹೆಸರು ಬೈಕ್, ಆದ್ರ ಎಂಜಿನ್ ಇಲ್ಲ, ಸೈಕಲ್ಲೇ.) ದುಡ್ಡು ಕೊಡೋಕೆ ಮುಂಚೆ ಅದು ಯಾತಕ್ಕ ಹುಟ್ಟಿದ್ದು ಅಂತ ಒಮ್ಮೆ ನೋಡ್ರಿ.

ಅದರ ಚಂದ ಇರುವುದು ಬಿಟ್ಟಿದ್ದರಲ್ಲಿ. ಸಾಮಾನ್ಯವಾಗಿ ಒಂದೇ ಗೇರ್. ಹಿಂದೆ ಸಸ್ಪೆನ್ಶನ್ ಇಲ್ಲ. ಎಷ್ಟೋ ಸೈಕಲ್‌ಗಳಲ್ಲಿ ಮುಂದಿನ ಬ್ರೇಕೂ ಇಲ್ಲ. ಗಾಳಿಯಲ್ಲಿ ಹ್ಯಾಂಡಲ್ ತಿರುಗಿಸುವಾಗ ಕೇಬಲ್ ಅಡ್ಡ ಬರಬಾರದಲ್ಲ. ಗಿಡ್ಡ ಫ್ರೇಮ್, 26 ಇಂಚಿನ ಚಕ್ರ, 80ರಿಂದ 100 ಮಿಲಿಮೀಟರ್ ಆಡುವ ಗಟ್ಟಿ ಫೋರ್ಕ್. ಸೀಟು ಕೂಡೋಕಲ್ಲ, ಮೈಗೆ ಅಡ್ಡ ಬರದಂಗ ತಗ್ಗಿನಲ್ಲಿರ್ತದ. ಅದರ ಮ್ಯಾಲೆ ವಾಡಿಯಿಂದ ಚಿತ್ತಾಪುರಕ್ಕೆ ಹೋದ್ರ ಮೊಣಕಾಲು ಕೇಳಬೇಡ್ರಿ. ಅಂಗಡಿಯ ಅಗ್ಗದ ‘ಮೌಂಟೇನ್’ ಸೈಕಲ್ ಇದಕ್ಕೆ ಉಲ್ಟಾ: ಹಿಂದೆ ಮುಂದೆ ಸ್ಪ್ರಿಂಗ್, ರಾಶಿ ಗೇರು, ಸ್ಟಿಕ್ಕರು. ಹಾರುವಂಗ ಕಾಣ್ತದ, ಅಷ್ಟೇ.

ಆದ್ರ ಒಳ್ಳೆ ಡರ್ಟ್ ಜಂಪ್ ಸೈಕಲ್ಲೂ ಅರ್ಧ ಯಂತ್ರ. ಇನ್ನರ್ಧ ನೆಲದಲ್ಲಿದೆ. 1 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಸಮತಟ್ಟು ನೆಲದಲ್ಲಿ ಅದನ್ನು 100 ಮಿಲಿಮೀಟರ್ ಒಳಗೆ ನಿಲ್ಲಿಸಬೇಕೆಂದರೆ ಸರಾಸರಿ ನಮ್ಮ ತೂಕದ 11 ಪಟ್ಟು ಬಲ! ಕೈಕಾಲು ಮಡಚಿ ಒಂದಷ್ಟು ತಗ್ಗಿಸಬಹುದು, ಪೂರ್ತಿ ಅಲ್ಲ. ಅದಕ್ಕೇ ಇಳಿಯುವ ಕಡೆಯೂ ಒಂದು ಇಳಿಜಾರು ಕಟ್ಟುತ್ತಾರೆ. ಸೈಕಲ್ ಬೀಳುವ ದಿಕ್ಕಿಗೆ ಅದು ಹೊಂದಿದರೆ ವೇಗ ಮೈಗೆ ಹೊಡೆಯದೆ ಮುಂದಕ್ಕೆ ಉರುಳಿ ಹೋಗುತ್ತದೆ.

ಖಣಿ ದಂಡೆಯಲ್ಲಿ ಆ ಇಳಿಜಾರೆಲ್ಲಿ? ಇರೋದು ಚೂಪಾದ ಪರ್ಸಿ ಚೂರು, ಕೆಳಗೆ ನಿಂತ ನೀರು. ಎಂಥ ಸೈಕಲ್ ತಂದ್ರೂ ಅಲ್ಲಿ ಹಾರೋದು ಬ್ಯಾಡ.

ನಮ್ಮ ಕೇಳಿಕೆ ಬೇರೆ: ಮೈದಾನದ ಮೂಲೆಯಲ್ಲಿ ಮೊಣಕಾಲೆತ್ತರದ ಎರಡು ದಿಬ್ಬಕ್ಕೆ ಕಾಲೇಜು ಜಾಗ ಕೊಡಲಿ, ಹೆಲ್ಮೆಟ್ ಇಲ್ಲದವರಿಗೆ ಪ್ರವೇಶ ಬೇಡ. ಎರೆಮಣ್ಣು ಆಗೋದಿಲ್ಲ, ಬ್ಯಾಸಿಗಿಗೆ ಬಿರಿತದ, ಮಳಿಗೆ ಚಕ್ರಕ್ಕ ಮೆತ್ತತದ. ಮುರುಂ ತಂದು, ನೀರು ಚಿಮುಕಿಸಿ, ದಮ್ಮಸು ಮಾಡಬೇಕು. ಎಷ್ಟು ನೀರು ಅಂತ ಸಿವಿಲ್‌ನವರು ಲ್ಯಾಬ್‌ನಲ್ಲಿ ಪ್ರಾಕ್ಟರ್ ಟೆಸ್ಟ್ ಮಾಡಿ ಹೇಳಲಿ, ಇಳಿಜಾರಿನ ಕೋನ ಮೆಕ್ಯಾನಿಕಲ್‌ನವರು ತೆಗೀಲಿ. ಆ ದಿಬ್ಬ ಒಂದು ಮಳೆಗಾಲ ತಡೆದರೆ, ಸೈಕಲ್‌ಗೆ ಯಾರ್ಯಾರು ಎಷ್ಟೆಷ್ಟು ದುಡ್ಡು ಹಾಕೋದು ಅಂತ ಕೂತು ಮಾತಾಡೋಣ.