ಕೊಳ್ಳುವ ದಿನವೇ ಬದಲಿಸುವ ಯೋಚನೆ ಇರಲಿ

ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್‌ಗಳನ್ನು ಬೆಸೆಯಲು ಸುಮಾರು 7.7 ಕಿ.ಮೀ. ಉದ್ದದ ಚಾಲಕರಹಿತ ರೈಲು ಮಾರ್ಗಕ್ಕೆ 2024ರಲ್ಲಿ ಟೆಂಡರ್ ಕರೆಯಲಾಯಿತು. 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆ ಕಂಡ ಬೆಂಗಳೂರಿನ ನಿಲ್ದಾಣವೂ ಬೆಳೆಯುತ್ತಲೇ ಇದೆ. ಇಂಥ ರೈಲು ಬೇಕೇ ಎಂಬ ಪ್ರಶ್ನೆ ಮುಂದೊಂದು ದಿನ ಇಲ್ಲಿಗೂ ಬರಬಹುದು. ಆಗೆಲ್ಲ ಕೇಳಿಬರುವುದು ಎರಡೇ ಮಾತು: ಎಷ್ಟು ಖರ್ಚಾಗುತ್ತದೆ, ಯಾವಾಗ ಓಡುತ್ತದೆ? ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ರೈಲು ಮುದಿಯಾದಾಗ ಪ್ರಯಾಣಿಕರನ್ನು ನಿಲ್ಲಿಸದೆ ಅದನ್ನು ಹೇಗೆ ಬದಲಿಸುವುದು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆ ಅರ್ಧ ಯೋಜನೆ ಎಂಬುದು ನನ್ನ ನಿಲುವು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಲಿಸಿದ ಪಾಠವನ್ನು ನೋಡಿ. ಅಲ್ಲಿನ ವಿಮಾನ ನಿಲ್ದಾಣಕ್ಕೂ ಪಕ್ಕದ ರೈಲು ನಿಲ್ದಾಣಕ್ಕೂ ನಡುವೆ 1984ರಲ್ಲಿ ಆರಂಭವಾದ ಮ್ಯಾಗ್ಲೆವ್, ಜನರನ್ನು ಹೊತ್ತು ವಾಣಿಜ್ಯವಾಗಿ ಓಡಿದ ಜಗತ್ತಿನ ಮೊದಲ ಮ್ಯಾಗ್ಲೆವ್. ಸುಮಾರು 600 ಮೀಟರ್ ಮಾರ್ಗದಲ್ಲಿ ಆಯಸ್ಕಾಂತದ ಬಲದ ಮೇಲೆ ತೇಲಿ ಸಾಗುತ್ತಿದ್ದ ಆ ಬೋಗಿಗಳು 1995ರಲ್ಲಿ ನಿಂತುಹೋದವು. ಜಗತ್ತಿನಲ್ಲಿ ಅಂಥದ್ದು ಅದೊಂದೇ ಇದ್ದುದರಿಂದ ಬಿಡಿಭಾಗಗಳು ಸಿಗುವುದೇ ದುಸ್ತರವಾಗಿತ್ತು. ಅದೇ ಕಂಬಗಳ ಮೇಲೆ ಹಗ್ಗದಿಂದ ಎಳೆಯುವ ಸರಳ ವ್ಯವಸ್ಥೆ ಬಂದದ್ದು 2003ರಲ್ಲಿ. ನಡುವಿನ ಎಂಟು ವರ್ಷ ಪ್ರಯಾಣಿಕರಿಗೆ ಬಸ್ಸೇ ಗತಿಯಾಯಿತು. ಕಾಂಕ್ರೀಟು ಗಟ್ಟಿಯಾಗಿಯೇ ಇತ್ತು, ಸೋತದ್ದು ಅದರ ಮೇಲಿನ ಯಂತ್ರ. ಯಂತ್ರ ತಯಾರಿಸುವ ಕಂಪನಿಗಳೂ ಶಾಶ್ವತವಲ್ಲ. 1971ರಲ್ಲಿ ಅಮೆರಿಕದ ಟ್ಯಾಂಪಾದಲ್ಲಿ ವಿಮಾನ ನಿಲ್ದಾಣದ ಮೊದಲ ಚಾಲಕರಹಿತ ರೈಲನ್ನು ಒದಗಿಸಿದ್ದು ವೆಸ್ಟಿಂಗ್‌ಹೌಸ್. ಆ ವಹಿವಾಟು ಮುಂದೆ ಆಡ್‌ಟ್ರಾನ್ಜ್‌ನ ಪಾಲಾಗಿ, 2001ರಲ್ಲಿ ಬೊಂಬಾರ್ಡಿಯರ್ ಕೈಸೇರಿ, 2021ರಲ್ಲಿ ಆಲ್‌ಸ್ಟೋಮ್‌ಗೆ ಸೇರಿತು. ಹಳಿ, ಬೋಗಿ, ಸಿಗ್ನಲ್ ಎಲ್ಲವೂ ಒಂದೇ ಕಂಪನಿಯ ಅಳತೆಗೆ ಹೊಂದಿದ್ದರೆ, ಆ ಕಂಪನಿಯ ಹಣೆಬರಹವೇ ನಿಲ್ದಾಣದ ಹಣೆಬರಹವಾಗುತ್ತದೆ.

ಬದಲಿಸುವ ಕೆಲಸಕ್ಕೆ ಮೂರು ದಾರಿಗಳಿವೆ. ಲಂಡನ್ನಿನ ಗ್ಯಾಟ್ವಿಕ್ ಎರಡು ಟರ್ಮಿನಲ್‌ಗಳ ನಡುವಿನ ರೈಲನ್ನು 2009ರಲ್ಲಿ ನಿಲ್ಲಿಸಿ, ಹೊಸ ಬೋಗಿಗಳೊಂದಿಗೆ 2010ರಲ್ಲಿ ಮತ್ತೆ ಓಡಿಸಿತು. ಆ ತಿಂಗಳುಗಳಲ್ಲಿ ಜನ ಬಸ್ ಹತ್ತಿದರು. ಅಮೆರಿಕದ ಡಲ್ಲಾಸ್–ಫೋರ್ಟ್‌ವರ್ತ್ ವಿಮಾನ ನಿಲ್ದಾಣ ಹಾಗೆ ಮಾಡಲಿಲ್ಲ. ಅಲ್ಲಿನ 1974ರ ಏರ್‌ಟ್ರಾನ್ಸ್ ರೈಲು ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಅದು ಓಡುತ್ತಿರುವಾಗಲೇ ಎರಡೂ ದಿಕ್ಕಿಗೆ ಸಾಗುವ ಸ್ಕೈಲಿಂಕ್ ಎಂಬ ಹೊಸ ಮಾರ್ಗವನ್ನು ಎತ್ತರದಲ್ಲಿ ಕಟ್ಟಿ 2005ರಲ್ಲಿ ತೆರೆದರು. ಇದು ಸಾಧ್ಯವಾದದ್ದು ಜಾಗವಿದ್ದುದರಿಂದ. ಮೂರನೆಯದು ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನ ದುಬಾರಿ ದಾರಿ. 1996ರಲ್ಲಿ ಶುರುವಾದ ಅಲ್ಲಿನ ಕಿರಿದಾದ ಮಾನೊರೈಲಿನ ಬದಲಿಗೆ ಸುಮಾರು ನಾಲ್ಕು ಕಿ.ಮೀ. ಉದ್ದದ ಬೇರೆಯದೇ ಮಾರ್ಗ ಬೇಕಾಗಿದೆ. 2019ರಲ್ಲಿ 205 ಕೋಟಿ ಡಾಲರ್ ಎಂದಿದ್ದ ಅಂದಾಜು ಐದೇ ವರ್ಷದಲ್ಲಿ 350 ಕೋಟಿ ಡಾಲರ್‌ಗೆ ಏರಿತು. ಕಟ್ಟಡ, ರಸ್ತೆ, ವಿಮಾನಗಳ ಓಡಾಟ ಎಲ್ಲ ದಟ್ಟವಾದ ಮೇಲೆ ಹೊಸ ಮಾರ್ಗಕ್ಕೆ ಜಾಗ ಹುಡುಕುವುದೆಂದರೆ ಬಾಯಾರಿದಾಗ ಬಾವಿ ತೋಡಿದಂತೆ.

ಮೂವತ್ತು ವರ್ಷದಾಚೆಯ ತಂತ್ರಜ್ಞಾನವನ್ನು ಇಂದೇ ಊಹಿಸಲಾದೀತೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಊಹಿಸಲಾಗದು ಎಂಬುದು ನಿಜ, ಜಾಗ ಬಿಡಬೇಕಾದದ್ದೂ ಅದಕ್ಕಾಗಿಯೇ. ಮುಂದೆ ಯಾವ ಬೋಗಿ ಬರುತ್ತದೆಂದು ತಿಳಿಯದಿದ್ದರೂ ಸುರಂಗವನ್ನು ತುಸು ಅಗಲವಾಗಿ ಕೊರೆಯಬಹುದು, ಪ್ಲಾಟ್‌ಫಾರ್ಮನ್ನು ಉದ್ದವಾಗಿಸಬಹುದು, ಡಿಪೊ ಪಕ್ಕದ ಜಾಗವನ್ನು ಖಾಲಿ ಉಳಿಸಬಹುದು. ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ 1980ರಿಂದ ಓಡುತ್ತಿರುವ ನೆಲದಡಿಯ ರೈಲಿನ ಜೊತೆಜೊತೆಗೇ ಕಾಲ್ನಡಿಗೆಯ ದಾರಿಯೂ ಚಲಿಸುವ ಪಟ್ಟಿಗಳೂ ಇವೆ. ರೈಲು ಕೆಟ್ಟರೂ ವಿಮಾನ ಹತ್ತುವ ಕಟ್ಟಡಗಳಾದ ಕಾನ್‌ಕೋರ್ಸ್‌ಗಳ ನಡುವಿನ ಸಂಪರ್ಕ ಕಡಿಯುವುದಿಲ್ಲ. ಇದಕ್ಕೆಲ್ಲ ಇಂದೇ ಹೆಚ್ಚು ಹಣ ಬೇಕು, ಅದು ಕೊನೆಗೆ ಪ್ರಯಾಣಿಕರ ಶುಲ್ಕದಿಂದಲೇ ಬರುತ್ತದೆ ಎಂಬ ಮಾತಿಗೆ ತೂಕವಿದೆ. ಆದರೆ ಇಂದು ಉಳಿಸಿದ ಹಣದ ಹತ್ತಾರು ಪಟ್ಟು ಹೊರೆ ಮುಂದಿನ ಪ್ರಯಾಣಿಕರ ಮೇಲೆ ಬೀಳುವ ಅಪಾಯವಿದ್ದರೆ ಅದನ್ನು ಉಳಿತಾಯ ಎನ್ನಲಾಗದು. ಬಸ್ಸೇ ಸಾಕಲ್ಲವೇ ಎಂಬುದೂ ನ್ಯಾಯವಾದ ಪ್ರಶ್ನೆ. ದೂರ ಕಡಿಮೆ ಇರುವಲ್ಲಿ ರೈಲೇ ಬೇಡ. ಗ್ಯಾಟ್ವಿಕ್ ತನ್ನ 1983ರ ಇನ್ನೊಂದು ಪುಟ್ಟ ರೈಲನ್ನು ತೆಗೆದು ನಡಿಗೆಯ ದಾರಿಯನ್ನೇ ಮಾಡಿಕೊಂಡಿತು. ಹಾಗೆ ಬಿಟ್ಟುಕೊಡಲು ಸಾಧ್ಯವೇ ಎಂದು ಮೊದಲೇ ಲೆಕ್ಕ ಹಾಕುವುದೂ ಯೋಜನೆಯ ಭಾಗವೇ.

ಆದ್ದರಿಂದ ನಮ್ಮಲ್ಲಿ ಕರೆಯುವ ಇಂಥ ಪ್ರತಿಯೊಂದು ಟೆಂಡರ್‌ನಲ್ಲೂ ನಾಲ್ಕು ಅಂಶಗಳು ಕಡ್ಡಾಯವಾಗಲಿ: ಮೂವತ್ತು ವರ್ಷಗಳ ಒಟ್ಟು ಖರ್ಚಿನ ಲೆಕ್ಕ, ಬಿಡಿಭಾಗ ಪೂರೈಕೆಯ ಲಿಖಿತ ಹೊಣೆ, ಬೇರೆ ಕಂಪನಿಯ ಬೋಗಿಗೂ ಒಗ್ಗಬಲ್ಲ ಮಾರ್ಗ, ರೈಲು ನಿಂತ ದಿನ ಜನ ಸಾಗಲು ಇನ್ನೊಂದು ದಾರಿ. ಇವುಗಳಿಗೆ ಉತ್ತರ ಬರೆದಿಡದೆ ಯಾವ ನಿಲ್ದಾಣವೂ ಗುತ್ತಿಗೆಗೆ ಸಹಿ ಹಾಕಬಾರದು.