ಕಾಯುವುದನ್ನು ಕಲಿತದ್ದು

‘ಪ್ರಶ್ನೆಯನ್ನೂ ನೀವೇ ಕೇಳಿ ಉತ್ತರವನ್ನೂ ನೀವೇ ಹೇಳುತ್ತೀರಿ’ ಎಂದು ನನ್ನ ಮೂರನೇ ಅಭ್ಯಾಸ ಪಾಠದ ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆದಿದ್ದರು. ತರಗತಿ ಸುಮ್ಮನಾದರೆ ನನಗೆ ದಿಗಿಲು. ಮಕ್ಕಳಿಗೆ ಬರುವುದಿಲ್ಲ ಎಂದೇ ಲೆಕ್ಕ ಹಾಕುತ್ತಿದ್ದೆ.

ಆ ರಜೆಯಲ್ಲಿ ಅನುಮತಿ ಪಡೆದು ದುಬಾರೆ ಆನೆ ಶಿಬಿರದ ಜೇನುಕುರುಬ ಮಾವುತರೊಬ್ಬರ ಹಿಂದೆ ಕಾಡಿನಲ್ಲಿ ನಡೆದೆ. ರಾತ್ರಿ ಮೇಯಲು ಬಿಟ್ಟ ಸಾಕಾನೆಯನ್ನು ಬೆಳಿಗ್ಗೆ ಸರಪಳಿ ಎಳೆದ ಗುರುತು ಹಿಡಿದು ಹುಡುಕುವುದು ಅವರ ಕೆಲಸ. ಎರಡು ಗಂಟೆ ನಡೆದ ಮೇಲೆ ಬಿದಿರುಮೆಳೆಯ ಬಳಿ ಗುರುತು ತಪ್ಪಿತು. ‘ಯಾವ ಕಡೆ ಹೋಗಿದೆ ಹೇಳಿ ಮೇಷ್ಟ್ರೇ’ ಎಂದರು. ಅವಸರದಲ್ಲಿ ಒಂದು ದಿಕ್ಕು ತೋರಿಸಿದೆ. ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಎಲೆಅಡಿಕೆ ಹಾಕಿಕೊಂಡು ನಿಂತರು. ಬಹಳ ಹೊತ್ತಾದ ಮೇಲೆ, ಇನ್ನೊಂದು ಪಕ್ಕದಲ್ಲಿ ಮಣ್ಣಿಗೆ ಒತ್ತಿಕೊಂಡ ಹುಲ್ಲು ನನ್ನ ಕಣ್ಣಿಗೇ ಬಿತ್ತು.

ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಬೆಳೆಯುತ್ತದೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇದನ್ನು ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು!

ನಮ್ಮ ಚಾರಣಗಳು ತಡಿಯಂಡಮೋಳಿನ 1,748 ಮೀಟರ್ ತುದಿಯಲ್ಲಿ ಫೋಟೊ ತೆಗೆದು ಮುಗಿಯುತ್ತವೆ. ಅವು ಬೇಡವೆನ್ನುವುದಿಲ್ಲ. ಆದರೆ ಅಭ್ಯಾಸ ಬೋಧನೆಗೆ ಮುಂಚೆ ಒಂದು ದಿನವಾದರೂ ಪ್ರಶಿಕ್ಷಣಾರ್ಥಿಗಳನ್ನು ಕಾಡು ಬಲ್ಲವರ ಹಿಂದೆ, ಏನೂ ಗೊತ್ತಿಲ್ಲದವರಾಗಿ ನಡೆಸಬೇಕು.

ನಾಲ್ಕನೇ ಪಾಠದಲ್ಲಿ ಪ್ರಶ್ನೆ ಕೇಳಿ, ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಉತ್ತರ ತಪ್ಪಾಗಿತ್ತು. ಅವನು ಇನ್ನೂ ಯೋಚಿಸುತ್ತಿದ್ದ. ನಾನೂ ನಿಂತೇ ಇದ್ದೆ.