ಸರ್ಕಾರಿ ಇಮೇಲ್ ಸ್ಥಳಾಂತರ: ಸರ್ವರ್‌ಗಿಂತ ಹೆಸರಿನ ಪಟ್ಟಿಯೇ ದೊಡ್ಡ ಸವಾಲು

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಖಾತೆಗಳು ಎನ್‌ಐಸಿ ವ್ಯವಸ್ಥೆಯಿಂದ ಜೋಹೋ ವೇದಿಕೆಗೆ ಹೋಗಿವೆ ಎಂಬ ಸುದ್ದಿ 2025ರ ಅಕ್ಟೋಬರ್‌ನಲ್ಲಿ ದೇಶದ ಗಮನ ಸೆಳೆಯಿತು. 2023ರಲ್ಲೇ ಜೋಹೋಗೆ 7 ವರ್ಷಗಳ ಗುತ್ತಿಗೆ ಸಿಕ್ಕಿತ್ತು. ಚರ್ಚೆ ನಡೆದದ್ದು ಹೆಚ್ಚಾಗಿ ‘ಸ್ವದೇಶಿ’ ಎಂಬ ಪದದ ಸುತ್ತ. ಆದರೆ ಇಂಥ ಬದಲಾವಣೆ ಎಡವುವುದು ಬೇರೆ ಕಡೆ, ನೌಕರರ ಹೆಸರಿನ ಪಟ್ಟಿಯಲ್ಲಿ.

ಸ್ಥಳಾಂತರ ಒಂದೇ ರಾತ್ರಿಯಲ್ಲಿ ಮುಗಿಯುವ ಕೆಲಸವಲ್ಲ. ಹಳೆಯ ಮತ್ತು ಹೊಸ ಸರ್ವರ್‌ಗಳು ಕೆಲಕಾಲ ಜತೆಯಾಗಿ ನಡೆಯಬೇಕಾಗುತ್ತದೆ. ಯಾರು ಸೇರಿದರು, ಯಾರು ವರ್ಗವಾದರು, ಯಾರು ನಿವೃತ್ತರಾದರು ಎಂಬ ವಿವರ ಎರಡೂ ಕಡೆ ಒಂದೇ ಇರಬೇಕು. ಈ ಹೊಂದಾಣಿಕೆಯೇ ‘ಡೈರೆಕ್ಟರಿ ಸಿಂಕ್’. ಅದು ಕೆಟ್ಟರೆ ನಿವೃತ್ತ ಅಧಿಕಾರಿಯ ಖಾತೆ ಒಂದು ಕಡೆ ಮುಚ್ಚಿದರೂ ಇನ್ನೊಂದು ಕಡೆ ತೆರೆದೇ ಇರಬಹುದು. ವಂಚಕರಿಗೆ ಅಷ್ಟು ಸಾಕು.

ಆಗ ತಂತ್ರಜ್ಞರು ಸಿಂಕ್ ‘ರೀಸೆಟ್’ ಮಾಡುತ್ತಾರೆ. ಅಂದರೆ, ಹಳೆಯ ಜೋಡಣೆ ಅಳಿಸಿ ಇಡೀ ಪಟ್ಟಿಯನ್ನು ಹೊಸದಾಗಿ ತಾಳೆ ಹಾಕುತ್ತಾರೆ. ಅಪಾಯ ಇರುವುದೂ ಇಲ್ಲೇ. ಪುಣೆಯ ಒಂದೇ ಕಚೇರಿಯಲ್ಲಿ ಇಬ್ಬರು ‘ಎಸ್. ಪಾಟೀಲ್’ ಇದ್ದಾರೆ ಎಂದುಕೊಳ್ಳಿ. ಹೆಸರು ನೋಡಿ ತಾಳೆ ಹಾಕಿದರೆ ಒಬ್ಬರ ಪತ್ರ ಇನ್ನೊಬ್ಬರ ಇನ್‌ಬಾಕ್ಸ್ ಸೇರಬಹುದು. ಮೂಲ ಪಟ್ಟಿ ಅರ್ಧಂಬರ್ಧ ಬಂದರೆ, ಕಾಣದವರೆಲ್ಲ ಕೆಲಸ ಬಿಟ್ಟವರೆಂದು ವ್ಯವಸ್ಥೆ ಅವರ ಖಾತೆ ಅಳಿಸಬಹುದು. ಹಾಗಾಗಿ ಬದಲಾಗದ ನೌಕರ ಸಂಖ್ಯೆಯೇ ಆಧಾರವಾಗಬೇಕು. ಮೊದಲು ಬ್ಯಾಕಪ್, ನಂತರ ಪ್ರಾಯೋಗಿಕ ಪರೀಕ್ಷೆ, ಕೊನೆಗೆ ರೀಸೆಟ್.

ಸರ್ವರ್ ಯಾರದೇ ಇರಲಿ, ವರ್ಗಾವಣೆ ಮತ್ತು ನಿವೃತ್ತಿಯ ಮಾಹಿತಿ ಬರಬೇಕಾದ್ದು ಇಲಾಖೆಯ ಸಿಬ್ಬಂದಿ ವಿಭಾಗದಿಂದ. ಅದೇ ತಡವಾದರೆ ಎಷ್ಟು ಸಲ ರೀಸೆಟ್ ಮಾಡಿದರೂ ಪಟ್ಟಿ ಸರಿಯಾಗದು.